ನೆವಾಡಾದ ಬೆಳ್ಳಿ, ಮದರಾಸಿನ ತಂಬಿಗೆ



ಚೆನ್ನೈಯ ಸೌಕಾರಪೇಟೆಯಲ್ಲಿ ಒಂದು ಉದ್ದನೆಯ ಬೀದಿ ಇದೆ. ಇಂಗ್ಲಿಷಿನಲ್ಲಿ ಮಿಂಟ್ ಸ್ಟ್ರೀಟ್, ತಮಿಳರ ಬಾಯಲ್ಲಿ ತಂಗಸಾಲೈ, ನಮ್ಮ ಮಾತಿನಲ್ಲಿ ಹೇಳುವುದಾದರೆ ಟಂಕಸಾಲೆ ಬೀದಿ. ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಹೊಡೆಯುವ ಸಾಲೆ ಒಂದು ಕಾಲಕ್ಕೆ ಅಲ್ಲಿತ್ತು. ಅದು ಮುಚ್ಚಿಹೋಗಿ ಒಂದೂವರೆ ಶತಮಾನವಾಯಿತು. ಆದರೆ ಆ ಸುತ್ತಿನ ಓಣಿಗಳಲ್ಲಿ ಬೆಳ್ಳಿಯ ವ್ಯಾಪಾರ ಮಾತ್ರ ನಿಂತಿಲ್ಲ. ಯಾವ ದಿನ ಹೋದರೂ ತಕ್ಕಡಿಯ ಮೇಲೆ ಯಾರದೋ ಮನೆಯ ಹಳೆಯ ತಟ್ಟೆ, ಲೋಟ, ಪನ್ನೀರುದಾನಿ ಕೂತಿರುತ್ತದೆ. ತೂಕ ಹಾಕುತ್ತಾರೆ, ಬೆಸುಗೆಗೆಂದು ಇಷ್ಟು ಕಳೆಯುತ್ತಾರೆ, ಆ ದಿನದ ದರಕ್ಕೆ ಗುಣಿಸುತ್ತಾರೆ. ಹಳೆಯದು ಮೂಸೆಗೆ ಹೋಗುತ್ತದೆ, ಹೊಸದು ಡಬ್ಬಿಯಲ್ಲಿ ಮನೆಗೆ ಬರುತ್ತದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ತಕ್ಕಡಿಯ ಮೇಲೆ ಕೂತ ಹಳೆಯ ಸಾಮಾನಿನ ಬಗ್ಗೆ. ಅದು ಎಲ್ಲಿಂದ ಬಂತು, ಯಾರ ಕೈಯಲ್ಲಿ ರೂಪ ಪಡೆಯಿತು, ಕರಗಿಸಿದಾಗ ಏನೇನು ಹೋಗುತ್ತದೆ ಎಂಬ ಬಗ್ಗೆ.

ಮೊದಲು ಲೋಹದ ವಿಷಯ. ನಮ್ಮ ದೇಶದಲ್ಲಿ ಬೆಳ್ಳಿಯ ಮೇಲೆ ಇಷ್ಟೊಂದು ಪ್ರೀತಿ ಇದ್ದರೂ ನೆಲದಡಿಯಲ್ಲಿ ಸಿಗುತ್ತಿದ್ದ ಬೆಳ್ಳಿ ಬಹಳ ಕಡಿಮೆ. ಶತಮಾನಗಳ ಕಾಲ ಅದು ಹಡಗಿನಲ್ಲೇ ಬಂದದ್ದು. ಸ್ಪೇನ್ ದೇಶದವರು ಮೆಕ್ಸಿಕೋದಲ್ಲೂ ದಕ್ಷಿಣ ಅಮೆರಿಕದ ಪೊಟೊಸಿಯಲ್ಲೂ ಬೆಟ್ಟಗಳನ್ನೇ ಬಗೆದು ಬೆಳ್ಳಿ ತೆಗೆದರು. ಅದರಿಂದ ಹೊಡೆದ ಸ್ಪ್ಯಾನಿಷ್ ಡಾಲರ್ ಇಡೀ ಲೋಕದಲ್ಲಿ ನಡೆಯಿತು. ನಮ್ಮ ಬಟ್ಟೆ, ಮೆಣಸು, ನೀಲಿ ಕೊಳ್ಳಲು ಕಂಪನಿಯವರು ಕೊಡಬಹುದಾಗಿದ್ದ, ನಮ್ಮವರು ಒಪ್ಪುತ್ತಿದ್ದ ವಸ್ತು ಅದೊಂದೇ ಎನ್ನುವಷ್ಟು ಮಟ್ಟಿಗೆ ಬೆಳ್ಳಿಯ ಪೆಟ್ಟಿಗೆಗಳು ಮದರಾಸಿನ ಸಮುದ್ರತೀರಕ್ಕೆ ಬಂದಿಳಿದವು. 1742ರಲ್ಲಿ ಆರ್ಕಾಟ್ ರೂಪಾಯಿ ಹೊಡೆಯುವ ಹಕ್ಕು ಕಂಪನಿಗೆ ಸಿಕ್ಕಿತು. ಚಿಂತಾದ್ರಿಪೇಟೆಯಲ್ಲಿ ಟಂಕಸಾಲೆ ಎದ್ದಿತು. ಅಮೆರಿಕ ಖಂಡದ ಬೆಳ್ಳಿ ಮದರಾಸಿನಲ್ಲಿ ಕರಗಿ ಆರ್ಕಾಟ್ ರೂಪಾಯಿಯಾಯಿತು.

19ನೇ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಹೊಡೆದ ಅರ್ಧ ವರಹದ ಬೆಳ್ಳಿ ನಾಣ್ಯವನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಂದು ಮುಖದಲ್ಲಿ ನಕ್ಷತ್ರಗಳ ನಡುವೆ ದೇವಸ್ಥಾನದ ಗೋಪುರ, ಇನ್ನೊಂದರಲ್ಲಿ ವಿಷ್ಣು, ಸುತ್ತ ತಮಿಳು ಮತ್ತು ತೆಲುಗು ಅಕ್ಷರ. ಅವಸರಕ್ಕೆ ಕೆಲವನ್ನು ಕರಗಿಸದೆ, ಸ್ಪ್ಯಾನಿಷ್ ಡಾಲರಿನ ಮೇಲೆಯೇ ಹೊಸ ಅಚ್ಚು ಒತ್ತಿದ್ದಾರೆ. ಗೋಪುರದ ಅಡಿಯಿಂದ ಸ್ಪೇನಿನ ಅರಸನ ಹಳೆಯ ಅಚ್ಚಿನ ಗೆರೆಗಳು ಇಣುಕುವ ನಾಣ್ಯಗಳು ಸಂಗ್ರಾಹಕರ ಬಳಿ ಇವತ್ತಿಗೂ ಇವೆ. ಅದೇ ಕಾಲಕ್ಕೆ ಬಾಸ್ಟನ್ನಿನ ಅಕ್ಕಸಾಲಿಗರು ಅದೇ ಡಾಲರನ್ನು ಕರಗಿಸಿ ತಮ್ಮ ಊರಿನ ವರ್ತಕರಿಗೆ ಚಮಚ, ಚಹಾದ ಹೂಜಿ ಮಾಡಿಕೊಡುತ್ತಿದ್ದರು. ಅಮೆರಿಕದ ಹಳೆಯ ಮನೆತನಗಳು ಇಂದಿಗೂ ಹೆಮ್ಮೆಯಿಂದ ಕಾಪಾಡುವ ಬೆಳ್ಳಿ ಅದು. ಬಾಸ್ಟನ್ನಿನಲ್ಲೇ ಹುಟ್ಟಿದ ಎಲಿಹು ಯೇಲ್ ಎಂಬಾತ 1687ರಿಂದ 1692ರವರೆಗೆ ಮದರಾಸಿನ ಕೋಟೆಯಲ್ಲಿ ಗವರ್ನರ್ ಆಗಿದ್ದ. ಎರಡು ಊರುಗಳ ನಂಟು ಅಷ್ಟು ಹಳೆಯದು.

ಇನ್ನು ಅಮೆರಿಕದ ಒಂದು ಸಿರಿವಂತ ಮನೆತನದ ಕಥೆ ಹೇಳುತ್ತೇನೆ. 1859ರಲ್ಲಿ ನೆವಾಡಾದಲ್ಲಿ ಕಾಮ್‌ಸ್ಟಾಕ್ ಎಂಬ ಬೆಳ್ಳಿಯ ನಿಕ್ಷೇಪದ ಸುದ್ದಿ ಹೊರಬಿತ್ತು. ಐರ್ಲೆಂಡಿನಿಂದ ಬರಿಗೈಯಲ್ಲಿ ಬಂದಿದ್ದ ಜಾನ್ ಮೆಕೆ ಎಂಬಾತ ಅಲ್ಲಿ ಗಣಿಕೆಲಸ ಮಾಡುತ್ತಲೇ ಒಡೆಯನಾದ, ಕೋಟ್ಯಧೀಶನಾದ. ಅವನ ಹೆಂಡತಿ ನಮ್ಮ ಗಣಿಯ ಬೆಳ್ಳಿಯಲ್ಲೇ ಊಟದ ಸಾಮಾನು ಆಗಬೇಕು ಎಂದಳಂತೆ. ಮೆಕೆ ಅರ್ಧ ಟನ್ನಿನಷ್ಟು ಬೆಳ್ಳಿಯನ್ನು ನ್ಯೂಯಾರ್ಕಿನ ಟಿಫಾನಿ ಅಂಗಡಿಗೆ ಕಳಿಸಿದ. ಇನ್ನೂರು ಮಂದಿ ಕುಶಲಕರ್ಮಿಗಳು ಸುಮಾರು ಎರಡು ವರ್ಷ ದುಡಿದು ಸುಮಾರು 1,250 ಸಾಮಾನು ಮಾಡಿದರು. ಮೈತುಂಬ ಹೂಬಳ್ಳಿಗಳ ಕೆತ್ತನೆ, ತೆರಪೇ ಇಲ್ಲದಷ್ಟು. 1878ರಲ್ಲಿ ಪ್ಯಾರಿಸ್ ನಗರದ ಮಹಾಪ್ರದರ್ಶನದಲ್ಲಿ ಅದನ್ನು ಜನ ಮುಗಿಬಿದ್ದು ನೋಡಿದರು. ಆಮೇಲೆ ಮನೆತನದಲ್ಲಿ ಕೈಯಿಂದ ಕೈಗೆ ಇಳಿದು ಬಂದ ಆ ಸಾಮಾನಿನ ಒಂದು ಪಾಲು ಈಗ ನೆವಾಡಾ ವಿಶ್ವವಿದ್ಯಾಲಯದಲ್ಲಿದೆ.

ಅದೇ 1878ರ ಪ್ಯಾರಿಸ್ ಪ್ರದರ್ಶನದ ಇನ್ನೊಂದು ಭಾಗದಲ್ಲಿ ಭಾರತದ ವಸ್ತುಗಳಿದ್ದವು. ವೇಲ್ಸ್ ಯುವರಾಜ 1875-76ರಲ್ಲಿ ನಮ್ಮ ದೇಶ ಸುತ್ತಿದಾಗ ರಾಜಮಹಾರಾಜರು ಕೊಟ್ಟ ಉಡುಗೊರೆಗಳು ಅವು. ಯುವರಾಜ 1875ರ ಡಿಸೆಂಬರಿನಲ್ಲಿ ಮದರಾಸಿಗೂ ಬಂದಿದ್ದ. ಅವನು ಒಯ್ದ ಉಡುಗೊರೆಗಳಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ಬೆಳ್ಳಿಯೂ ಇತ್ತು. ಮದರಾಸಿನ ಬೆಳ್ಳಿಗೆ ಪಡುವಣದಲ್ಲಿ ದೊಡ್ಡ ಹೆಸರು ಬಂದದ್ದು ಈ ಕಾಲದಲ್ಲೇ.

ಮೌಂಟ್ ರೋಡಿನಲ್ಲಿ, ಈಗಿನ ಅಣ್ಣಾ ಸಾಲೈಯಲ್ಲಿ, ಗಡಿಯಾರದ ಗೋಪುರ ಹೊತ್ತು ನಿಂತ ಓರ್ ಕಟ್ಟಡವನ್ನು ಚೆನ್ನೈ ಬಲ್ಲ ಕೇಳುಗರು ನೋಡಿರುತ್ತೀರಿ. ಈಗ ಅದು ಕೈಗಡಿಯಾರದ ಅಂಗಡಿ ಎಂದೇ ಹೆಸರುವಾಸಿ. ಪೀಟರ್ ಓರ್ ಎಂಬ ಗಡಿಯಾರದ ಕಸುಬಿನವನು 1840ರ ದಶಕದಲ್ಲಿ ಕಟ್ಟಿದ ಸಂಸ್ಥೆ ಅದು. ಗಡಿಯಾರದ ಜೊತೆಗೆ ಒಡವೆ, ಬೆಳ್ಳಿ ಸಾಮಾನು. ಅಂಗಡಿಯ ಹೆಸರು ದೊರೆಗಳದ್ದು. ಸುತ್ತಿಗೆ ಹಿಡಿದ ಕೈ ನಮ್ಮವರದು. ದೇವಸ್ಥಾನಗಳಿಗೆ ಕವಚ, ಪ್ರಭಾವಳಿ, ವಾಹನದ ತಗಡು ಬಡಿಯುತ್ತಿದ್ದ ವಿಶ್ವಕರ್ಮ ಪರಂಪರೆಯ ಕೈ. ಅದೇ ಕೈ ಚಹಾದ ಹೂಜಿಯ ಮೇಲೆ, ಹಾಲಿನ ಜಗ್ಗಿನ ಮೇಲೆ, ಸಕ್ಕರೆ ಬಟ್ಟಲಿನ ಮೇಲೆ ಗರುಡವಾಹನ ವಿಷ್ಣುವನ್ನು, ನಂದಿಯ ಮೇಲಿನ ಶಿವನನ್ನು, ನವಿಲೇರಿದ ಷಣ್ಮುಖನನ್ನು, ಕೊಳಲೂದುವ ಕೃಷ್ಣನನ್ನು ಎಬ್ಬಿಸಿತು. ಇಂಗ್ಲಿಷರು ಇದನ್ನು ಸ್ವಾಮಿ ಬೆಳ್ಳಿ ಎಂದು ಕರೆದರು. ಕಛ್‌ನಲ್ಲಿ ಹೂಬಳ್ಳಿ, ಕಾಶ್ಮೀರದಲ್ಲಿ ಚಿನಾರ್ ಎಲೆ, ಕಲ್ಕತ್ತೆಯಲ್ಲಿ ಹಳ್ಳಿಯ ನೋಟ, ಹೀಗೆ ಒಂದೊಂದು ಸೀಮೆಗೆ ಒಂದೊಂದು ಚಿತ್ರ ಸಲ್ಲುತ್ತಿತ್ತು. ದೇವರ ಸಾಲು ಮದರಾಸಿನ ಗುರುತಾಯಿತು. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಬಾರ್ಟನ್ ಸನ್ ಅಂಡ್ ಕಂಪನಿ ಎಂಬ ಬೆಳ್ಳಿ ಅಂಗಡಿ ಇತ್ತು.

ಈ ಕೆಲಸ ಹೇಗೆ ಆಗುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರಗಿಸುವಾಗ ಹೋಗುವುದು ಇದೇ. ಬೆಳ್ಳಿಯ ತಗಡನ್ನು ಬಡಿದು ಪಾತ್ರೆಯ ಆಕಾರಕ್ಕೆ ತರುತ್ತಾರೆ. ಒಳಗೆ ಬಿಸಿ ಮಾಡಿದ ಅರಗು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಹೊರಗಿನಿಂದ ಸಣ್ಣಸಣ್ಣ ಚಾಣಗಳಿಂದ ಹಿನ್ನೆಲೆಯನ್ನು ತಗ್ಗಿಸುತ್ತ ಹೋಗುತ್ತಾರೆ. ಮತ್ತೆ ಅರಗು ಕರಗಿಸಿ ತೆಗೆದು ಒಳಗಿನಿಂದ ಉಬ್ಬಿಸುತ್ತಾರೆ, ಮತ್ತೆ ತುಂಬುತ್ತಾರೆ, ಮತ್ತೆ ಹೊರಗಿನಿಂದ ತಿದ್ದುತ್ತಾರೆ. ಬಡಿದಷ್ಟೂ ಬೆಳ್ಳಿ ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಒಂದು ಏಟು ಹೆಚ್ಚಾದರೆ ತಗಡು ಹರಿಯುತ್ತದೆ. ದೇವರ ಮುಖ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅದರಲ್ಲಿ ಕಣ್ಣು, ಮೂಗು, ಕಿರೀಟದ ಮಣಿ ಮೂಡಬೇಕು. ಹಲವು ಹೂಜಿಗಳ ಹಿಡಿಕೆ ಹೆಡೆಯೆತ್ತಿದ ಹಾವು. ಬಿಸಿ ಕೈಗೆ ಏರದಂತೆ ಹಿಡಿಕೆಯ ಎರಡು ತುದಿಯಲ್ಲಿ ದಂತದ ಬಿಲ್ಲೆ. ಇಷ್ಟೆಲ್ಲ ಮಾಡಿದವನ ಹೆಸರು ಪಾತ್ರೆಯ ಮೇಲೆ ಎಲ್ಲೂ ಇಲ್ಲ. ಅಡಿಯಲ್ಲಿ ಅಂಗಡಿಯ ಮುದ್ರೆ ಒಂದೇ ಇದೆ. ನನಗೆ ಈ ಮೌನ ಬಹಳ ನೋವು ಕೊಡುತ್ತದೆ.

ಈ ಸಾಮಾನು ದೊರೆಗಳ ಜೊತೆ ಬಹುಪಾಲು ಸಮುದ್ರ ದಾಟಿತು. ಎಲ್ಲವೂ ಅಲ್ಲ. ಮೈಲಾಪುರದ ಹೈಕೋರ್ಟ್ ವಕೀಲರು, ಜಮೀನ್ದಾರರು, ಲೇವಾದೇವಿಯ ಶ್ರೀಮಂತರು ತಾವೂ ಕೊಂಡರು. ಬಿನ್ನವತ್ತಳೆ ಇಟ್ಟು ಕೊಡುವ ಬೆಳ್ಳಿಯ ಕರಂಡಕ, ಹೂವಿನ ದಾನಿ, ವೀಳ್ಯದ ತಟ್ಟೆ, ಕಾಫಿಯ ಸೆಟ್ಟು ಹಳೆಯ ಬಂಗಲೆಗಳ ಗಾಜಿನ ಬೀರು ಸೇರಿದವು.

ಆದರೆ ನಮ್ಮಂಥವರ ಮನೆಗೆ ಬೆಳ್ಳಿ ಬಂದ ದಾರಿ ಬೇರೆ. ಅದು ರೂಪಾಯಿಯ ದಾರಿ. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ ತೂಗುತ್ತಿತ್ತು, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಮದುವೆಗೆ ತಂಬಿಗೆ ಬೇಕೆಂದರೆ ಮನೆಯ ಯಜಮಾನರು ಇಪ್ಪತ್ತು ರೂಪಾಯಿ ನಾಣ್ಯ ಎಣಿಸಿ ಅಕ್ಕಸಾಲಿಗನ ಮುಂದೆ ಇಡುತ್ತಿದ್ದರು. ಲೋಹದ ಪರಿಶುದ್ಧಿ ನಾಣ್ಯದಿಂದಲೇ ಗೊತ್ತು, ಒರೆ ಹಚ್ಚುವ ಕೆಲಸವಿಲ್ಲ. ಇಪ್ಪತ್ತು ರೂಪಾಯಿ ತೂಕದ ತಂಬಿಗೆ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ಇದನ್ನೇ. ಬೆಲೆಯನ್ನಲ್ಲ, ಸುಮಾರು 233 ಗ್ರಾಂ ತೂಕವನ್ನು.

ಈಗ ಕಥೆ ಮತ್ತೆ ಅಮೆರಿಕಕ್ಕೆ ತಿರುಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಭಾರತದಿಂದ ಹೋದ ಸರಕಿಗೂ ಸೈನ್ಯಕ್ಕೂ ಲೆಕ್ಕವಿಲ್ಲ. ಅದಕ್ಕೆಲ್ಲ ರೂಪಾಯಿಯಲ್ಲಿ ಹಣ ಕೊಡಬೇಕು. ಜನ ಕಾಗದದ ನೋಟು ನಂಬಲಿಲ್ಲ. ನೋಟು ಕೊಟ್ಟು ಬೆಳ್ಳಿ ಕೇಳಿದರು. 1918ರ ವೇಳೆಗೆ ಸರಕಾರದ ಬೆಳ್ಳಿ ತಳ ಕಂಡಿತು. ಆಗ ಅಮೆರಿಕದ ಕಾಂಗ್ರೆಸ್ಸು 1918ರ ಏಪ್ರಿಲಿನಲ್ಲಿ ಪಿಟ್‌ಮನ್ ಕಾಯಿದೆ ಮಾಡಿ, ತನ್ನ ಖಜಾನೆಯಲ್ಲಿ ರಾಶಿ ಬಿದ್ದಿದ್ದ ಬೆಳ್ಳಿ ಡಾಲರುಗಳನ್ನು ಕರಗಿಸಲು ಒಪ್ಪಿತು. ಒಟ್ಟು 27 ಕೋಟಿ ಡಾಲರ್ ನಾಣ್ಯ ಕರಗಿತು. ಅದರಲ್ಲಿ ಸುಮಾರು 25.9 ಕೋಟಿ ನಾಣ್ಯದ ಬೆಳ್ಳಿ, ತೂಕದಲ್ಲಿ ಸುಮಾರು 20 ಕೋಟಿ ಔನ್ಸ್, ನಮ್ಮ ಲೆಕ್ಕದಲ್ಲಿ ಆರು ಸಾವಿರ ಟನ್ನಿಗೂ ಮಿಕ್ಕು, ಭಾರತದ ರೂಪಾಯಿಗಾಗಿ ಮಾರಾಟವಾಯಿತು. ನೆವಾಡಾ ಮತ್ತು ಅಮೆರಿಕದ ಪಡುವಣ ಸೀಮೆಯ ಗಣಿಗಳಿಂದ ಎದ್ದು ಡಾಲರಾಗಿದ್ದ ಬೆಳ್ಳಿ ಬೊಂಬಾಯಿ, ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೆಯ ಜಾರ್ಜನ ತಲೆ ಹೊತ್ತ ರೂಪಾಯಿಯಾಯಿತು. 1918, 1919, 1920 ಎಂದು ಇಸವಿ ಒತ್ತಿದ ಆ ರೂಪಾಯಿಗಳು ನಮ್ಮ ದೇವರ ಪೆಟ್ಟಿಗೆಗಳಲ್ಲಿ ಈಗಲೂ ಸಿಗುತ್ತವೆ.

ಆ ಮೊದಲ ಯುದ್ಧದ ಕಾಲದಲ್ಲಿ ನಾಣ್ಯವನ್ನು ಕರಗಿಸಬಾರದೆಂದು ಆಜ್ಞೆ ಇತ್ತು. ಎರಡನೆಯ ಮಹಾಯುದ್ಧ ಬಂದಾಗ ಸರಕಾರ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಆಮೇಲೆ ಮೂರು ವರ್ಷದೊಳಗೆ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಹಳೆಯ ಅಚ್ಚ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ಹಿಂತೆಗೆಯಿತು. ಜನ ಎಲ್ಲವನ್ನೂ ತಂದೊಪ್ಪಿಸಲಿಲ್ಲ. ಉಳಿಸಿಕೊಂಡದ್ದು ಎಷ್ಟೋ ಮನೆಗಳಲ್ಲಿ ತಟ್ಟೆಯಾಯಿತು, ಪಂಚಪಾತ್ರೆ ಉದ್ಧರಣೆಯಾಯಿತು, ಕೂಸಿಗೆ ಹಾಲು ಕುಡಿಸುವ ಒಳಲೆಯಾಯಿತು. ಆ ಯುದ್ಧದಲ್ಲೂ ಅಮೆರಿಕ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಸಾಲವಾಗಿ ಕೊಟ್ಟಿತು. ಅದು ಬೆಳ್ಳಿಯಾಗಿಯೇ ತೀರಿದ ಸಾಲ. ಮೊದಲ ಸಲದ ಬೆಳ್ಳಿ ಮಾತ್ರ ಕೊಂಡದ್ದು, ಹಿಂದಿರುಗಿಸಬೇಕಾದದ್ದಲ್ಲ.

ಹಾಗಾಗಿ ಟ್ರಿಪ್ಲಿಕೇನಿನ ಮಾಧ್ವರ ಮನೆಯ ಅರ್ಘ್ಯಪಾತ್ರೆಯಲ್ಲಿ, ಉಡುಪಿಯಿಂದ ಬಂದು ಹೋಟೆಲು ನಡೆಸಿದವರ ಮನೆಯ ಊಟದ ತಟ್ಟೆಯಲ್ಲಿ, ಮೈಸೂರು ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳ ಕುಂಕುಮ ಭರಣಿಯಲ್ಲಿ ಅಮೆರಿಕದ ಬೆಳ್ಳಿ ಬೆರೆತಿರುವ ಸಂಭವ ಬಹಳ. ಮೆಕೆ ಮನೆತನದ ಊಟದ ಸಾಮಾನಿಗೂ ಇವಕ್ಕೂ ಲೋಹದಲ್ಲಿ ದಾಯಾದಿ ಸಂಬಂಧ ಇದೆ. ಬಾಳ್ವೆಯಲ್ಲಿ ಮಾತ್ರ ನಮ್ಮ ಪಾತ್ರೆಗಳೇ ಹೆಚ್ಚು ಪುಣ್ಯವಂತವು ಎಂದು ನಾನು ಹೇಳುತ್ತೇನೆ. ಅವು ಬೀರುವಿನಲ್ಲಿ ಕೂತಿರಲಿಲ್ಲ. ಬೆಳ್ಳಿಗೂ ಚಿನ್ನಕ್ಕೂ ಮೈಲಿಗೆ ತಾಗದು ಎಂಬ ನಂಬಿಕೆಯಿಂದ ಮಡಿಯ ಅಡುಗೆಮನೆಯಲ್ಲಿ, ದೇವರ ಮುಂದೆ, ನಾಮಕರಣದಲ್ಲಿ, ಉಪನಯನದಲ್ಲಿ, ಅಳಿಯನಿಗೆ ಹಬ್ಬದೂಟ ಬಡಿಸುವಾಗ ಕೈಗೆ ಸಿಗುತ್ತಿದ್ದವು.

ಇವುಗಳ ಅಂಚನ್ನು ತಿರುಗಿಸಿ ನೋಡಿ. ಸಣ್ಣ ಚುಕ್ಕಿಗಳಲ್ಲಿ ಹೊಡೆದ ಅಕ್ಷರಗಳಿರುತ್ತವೆ. ಎರಡೋ ಮೂರೋ ಇನಿಶಿಯಲ್, ಒಂದು ಹೆಸರು, ಕೆಲವೊಮ್ಮೆ ಊರು, ಕೆಲವೊಮ್ಮೆ ಇಸವಿ. ಚೆನ್ನೈಯ ಕನ್ನಡ ಮನೆಗಳಲ್ಲಿ ಒಂದೇ ಬೀರುವಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಲಿಪಿಯ ಹೆಸರು ಸಿಗುವುದುಂಟು, ಏಕೆಂದರೆ ಪಾತ್ರೆ ಬಂದದ್ದು ಸೊಸೆಯರ ಜೊತೆ, ಸೊಸೆಯರು ಬಂದದ್ದು ಬೇರೆಬೇರೆ ಸೀಮೆಯಿಂದ. ಗಂಡಸರ ಹೆಸರು ಪತ್ರಗಳಲ್ಲಿ, ಕೋರ್ಟಿನ ಕಾಗದಗಳಲ್ಲಿ, ಮನೆಯ ಬಾಗಿಲ ಹಲಗೆಯಲ್ಲಿ ಉಳಿಯಿತು. ಎಷ್ಟೋ ಮುತ್ತಜ್ಜಿಯರ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಒಂದು ಲೋಟದ ಅಂಚಿನಲ್ಲಿ ಮಾತ್ರ. ಆ ಲೋಟವನ್ನು ಹೊಸ ಡಿನ್ನರ್ ಸೆಟ್ಟಿಗೆಂದು ಕರಗಿಸಲು ಕೊಟ್ಟಾಗ ತೂಕಕ್ಕೆ ಬೆಲೆ ಸಿಗುತ್ತದೆ, ಹೆಸರಿಗೆ ಯಾವ ತಕ್ಕಡಿಯೂ ಇಲ್ಲ. ಕಷ್ಟ ಬಂದಾಗ ಬೆಳ್ಳಿ ಮಾರಿದವರನ್ನು ನಾನು ಖಂಡಿತ ಆಡಿಕೊಳ್ಳುವುದಿಲ್ಲ. ಕಷ್ಟಕ್ಕೆ ಒದಗಲೆಂದೇ ಹಿರಿಯರು ಅದನ್ನು ಮಾಡಿಸಿಟ್ಟದ್ದು. ಮಾರುವ ಮುನ್ನ ಅಂಚಿನ ಅಕ್ಷರ ಓದಿ ಬರೆದಿಡಿ, ಒಂದು ಫೋಟೋ ತೆಗೆದಿಡಿ ಎಂದಷ್ಟೇ ಕೇಳುತ್ತೇನೆ. ಕಷ್ಟವಿಲ್ಲದೆ, ಬರಿಯ ಹೊಸ ಮಾದರಿಯ ಆಸೆಗೆ ಕರಗಿಸುವುದಾದರೆ, ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ಇನ್ನು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ದೇವರ ಸಾಲಿನ ಹೂಜಿಯೋ ತಟ್ಟೆಯೋ ಇದ್ದರೆ ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪಿ. ಓರ್ ಎಂದು ಇಂಗ್ಲಿಷ್ ಅಕ್ಷರ ಒತ್ತಿದ್ದರೆ ಅದನ್ನು ಗ್ರಾಂ ಲೆಕ್ಕಕ್ಕೆ ಕೊಡಬೇಡಿ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಬೆಳ್ಳಿ ಪರೀಕ್ಷಿಸಿ ಮುದ್ರೆ ಹಾಕುವ ಸರಕಾರಿ ವ್ಯವಸ್ಥೆ ಇರಲಿಲ್ಲ. ಭಾರತೀಯ ಮಾನಕ ಸಂಸ್ಥೆಯ ಬೆಳ್ಳಿ ಹಾಲ್‌ಮಾರ್ಕ್ ಶುರುವಾದದ್ದೇ 2005ರಲ್ಲಿ. ಹಾಗಾಗಿ ಹಳೆಯದರ ಮೇಲೆ ಹಾಲ್‌ಮಾರ್ಕ್ ಇಲ್ಲ, ಇದು ಕಳಪೆ ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ ಒಪ್ಪಬೇಕಾಗಿಲ್ಲ. ಈ ಬೆಳ್ಳಿಯ ಬೆಲೆ ಬಲ್ಲವರು ಹೊರಗಿದ್ದಾರೆ. ನ್ಯೂಯಾರ್ಕಿನ ಪಾಲ್ ವಾಲ್ಟರ್ ಎಂಬ ಸಂಗ್ರಾಹಕರು ಬ್ರಿಟಿಷರ ಕಾಲದ ಭಾರತೀಯ ಬೆಳ್ಳಿಯನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಹಾಕಿದರು. 2008ರಲ್ಲಿ ವಿದುಷಿ ವಿದ್ಯಾ ದೆಹೇಜಿಯಾ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದರ ಪ್ರದರ್ಶನ ನಡೆಸಿ ಪುಸ್ತಕ ತಂದರು. ಅಮೆರಿಕದಿಂದ ಬಂದ ಲೋಹ ಇಲ್ಲಿ ದೇವರ ರೂಪ ತಾಳಿ ಮತ್ತೆ ಅಮೆರಿಕ ಸೇರಿದ್ದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ನಮ್ಮ ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ಇದಕ್ಕೊಂದು ತುಂಬು ಕೋಣೆ ಆಗಬೇಕಲ್ಲವೇ ಎಂಬ ಹಂಬಲವೂ ಹುಟ್ಟಿತು. ಈ ಕೆಲಸ ನಡೆದ ಊರು ಇದು.

ಮಕ್ಕಳು ಹೊರದೇಶದಲ್ಲಿರುವ ಮನೆಯವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕೈಕೆಲಸದ ವಸ್ತು ಪುರಾತನ ವಸ್ತು ಎನಿಸುತ್ತದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮೊಮ್ಮಗಳಿಗೆ ಪ್ರೀತಿಯಿಂದ ಪೆಟ್ಟಿಗೆಯಲ್ಲಿಟ್ಟು ಕಳಿಸುವ ಮುಂಚೆ ಪುರಾತತ್ವ ಇಲಾಖೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ತೊಳೆಯುವ ವಿಷಯ, ಏಕೆಂದರೆ ಕರಗಿಸದೆಯೂ ಬೆಳ್ಳಿಯನ್ನು ಹಾಳು ಮಾಡಬಹುದು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ತಾಗಿದರೆ ಇನ್ನೂ ಬೇಗ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ದಿನಬಳಕೆಯ ಲೋಟ, ತಟ್ಟೆಗೆ ನುಣ್ಣನೆಯ ವಿಭೂತಿ ಸಾಕು. ಉಬ್ಬು ಕೆಲಸದ ಪಾತ್ರೆಗೆ ಅದೂ ಬೇಡ. ನವಿರಾದ ಸಾಬೂನು ನೀರು, ಮೆದು ಬಟ್ಟೆ, ತೊಳೆದ ಕೂಡಲೇ ಒರೆಸುವುದು, ಅಷ್ಟೇ. ಅಂಗಡಿಯ ತಿರುಗುಚಕ್ರಕ್ಕೆ ಕೊಟ್ಟರೆ ಅರಗಿನ ಮೇಲೆ ವಾರಗಟ್ಟಲೆ ಕೂತು ಮೂಡಿಸಿದ ಕಣ್ಣುಮೂಗು ಸವೆದುಹೋಗುತ್ತದೆ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಉಪಾಯವೂ ಇದಕ್ಕೆ ಒಗ್ಗದು. ಅದು ಸಂದುಗಳ ಕಪ್ಪನ್ನೆಲ್ಲ ಎಳೆದುಬಿಡುತ್ತದೆ. ದೇವರ ಮೈ ಹೊಳೆದು ಹಿನ್ನೆಲೆ ಕಪ್ಪಗಿದ್ದರೇ ಆ ಆಕೃತಿ ಎದ್ದು ಕಾಣುವುದು. ಸಂದಿನ ಆ ಕಪ್ಪನ್ನು ತಿಕ್ಕಬೇಡಿ, ಹಾಗೇ ಬಿಡಿ.